ಅಡಿಕೆ ಸುಲಿಯುವಾಗ ಎದ್ದ ಪ್ರಶ್ನೆ: ಒಂದೇ ಕಾಯಿಲೆಗೆ ದೇಶಕ್ಕೊಂದು ದಾರಿ ಯಾಕೆ?

ತುಂಗಾ ತೀರ:
ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ. ಈಗ ಕೊಯ್ಲು ನಡೆಯುತ್ತಿದೆ. ರಾತ್ರಿ ಹನ್ನೊಂದರವರೆಗೂ ಮನೆಯವರೆಲ್ಲ ಕೂತು ಅಡಿಕೆ ಸುಲಿಯುತ್ತೇವೆ. ಈ ಸಲ ಸ್ವೀಡನ್ನಿನ ಗೋಥೆನ್‌ಬರ್ಗ್‌ನಿಂದ ಅಕ್ಕ, ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ ತಮ್ಮ, ಇಬ್ಬರೂ ರಜೆಗೆ ಬಂದಿದ್ದಾರೆ. ಮೆಟ್ಟುಗತ್ತಿ ಮುಂದೆ ಕೂತರೆ ಮಾತು ನಿಲ್ಲುವುದಿಲ್ಲವಲ್ಲ. ಮೊನ್ನೆ ಕೊರೊನಾ ಕಾಲದ ಮಾತು ಬಂತು. ಮಾತು ಹೋಗಿ ಜಗಳವೇ ಆಯಿತು.

ಅಕ್ಕ ಹೇಳಿದ್ದು: "ನಮ್ಮಲ್ಲಿ ಲಾಕ್‌ಡೌನ್ ಮಾಡಲೇ ಇಲ್ಲ. ಮಕ್ಕಳು ದಿನಾ ಶಾಲೆಗೆ ಹೋದರು. ಏನಾಯಿತು?" ತಮ್ಮ ಹೇಳಿದ್ದು: "ನಮ್ಮಲ್ಲಿ ಗಡಿಯನ್ನೇ ಮುಚ್ಚಿದರು. ಅದಕ್ಕೇ ಜನ ಉಳಿದರು." ಅಮ್ಮ ಇಬ್ಬರಿಗೂ ಉತ್ತರ ಕೊಡಲಿಲ್ಲ. ಗೋಡೆ ಮೇಲಿನ ಅಪ್ಪನ ಫೋಟೋ ಕಡೆ ನೋಡಿ ಒಳಗೆ ಹೋದರು.

ಅಪ್ಪ ಹೋಗಿದ್ದು 2021ರ ಮೇನಲ್ಲಿ, ಹೃದಯಾಘಾತ. ಆಗ ಇಲ್ಲಿ ಅಂತ್ಯಕ್ರಿಯೆಗೆ ಐದೇ ಜನ. ತಮ್ಮ ಆಗ ಅಲ್ಲಿ ಕೆಲಸದ ವೀಸಾದಲ್ಲಿದ್ದ. ಹೊರಟರೆ ವಾಪಸ್ ಹೋಗಲು ದಾರಿ ಇರಲಿಲ್ಲ. ಹೆಂಡತಿ, ಸಣ್ಣ ಮಗು ಅಲ್ಲಿ. ಅವನು ಬರಲಿಲ್ಲ. ಅಕ್ಕನಿಗೂ ಬರಲಾಗಲಿಲ್ಲ. ಅಷ್ಟಾದರೂ ತಮ್ಮ ಆ ದೇಶ ಮಾಡಿದ್ದು ಸರಿ ಅಂತಲೇ ಹೇಳುತ್ತಾನೆ. ನನಗೆ ಅದು ಅರ್ಥ ಆಗುತ್ತಿಲ್ಲ.

ನನ್ನ ಪ್ರಶ್ನೆ ಇದು. ವೈರಸ್ ಒಂದೇ. ವಿಜ್ಞಾನವೂ ಒಂದೇ ಇರಬೇಕಲ್ವಾ? ಹಾಗಾದರೆ ಒಂದೊಂದು ಸರ್ಕಾರ ಒಂದೊಂದು ಥರ ನಡೆದುಕೊಂಡದ್ದು ಯಾಕೆ? ಯಾರದ್ದು ಸರಿ? ತಿಳಿದವರು ಹೇಳಿ.

ಕುಂದಾದ್ರಿ:
ನ್ಯೂಜಿಲೆಂಡ್ ದ್ವೀಪ. ಬಾಗಿಲು ಹಾಕಿಕೊಂಡರು, ಮುಗೀತು. ನಮಗೂ ಅವರಿಗೂ ಹೋಲಿಕೆಯೇ ಬೇಡ.

ಹೊಸನಗರ ಹುಡುಗ:
ಕುಂದಾದ್ರಿ ಅಣ್ಣ, ಬ್ರಿಟನ್ ಕೂಡ ದ್ವೀಪವೇ ಅಲ್ವಾ? ಅಲ್ಲಿ ಯಾಕೆ ಅಷ್ಟು ಜನ ಸತ್ತರು? ಅದೇ ವಿಯೆಟ್ನಾಂ ನೋಡಿ. ಚೀನಾದ ಜೊತೆ ಉದ್ದದ ಭೂಗಡಿ ಇದೆ. ಜನ ಸುಮಾರು 9.7 ಕೋಟಿ. 2020ರಲ್ಲಿ ಅಲ್ಲಿ ಕೋವಿಡ್‌ನಿಂದ ಸತ್ತವರು ಲೆಕ್ಕದ ಪ್ರಕಾರ 35 ಜನ. ಮುಖ್ಯ ಯಾವಾಗ ಹೆಜ್ಜೆ ಇಟ್ಟರು ಅನ್ನುವುದು. ನೀರು ಸುತ್ತ ಇದ್ದರೆ ಸಾಲದು.

ಭದ್ರಾವತಿ ಸಿಸ್ಟರ್:
ನಾನು ನಿವೃತ್ತ ಸ್ಟಾಫ್ ನರ್ಸ್. ಮೂವತ್ತು ವರ್ಷ ವಾರ್ಡಿನಲ್ಲಿ ದುಡಿದವಳು. ಮೊದಲು ಅಕ್ಕನ ಮಾತಿಗೆ ಒಂದು ತಿದ್ದುಪಡಿ. ಸ್ವೀಡನ್ ಏನೂ ಮಾಡಲಿಲ್ಲ ಅನ್ನುವುದು ತಪ್ಪು. 2020ರ ಮಾರ್ಚ್ ಕೊನೆಯಲ್ಲಿ 50ಕ್ಕಿಂತ ಜಾಸ್ತಿ ಜನ ಸೇರುವುದನ್ನು ನಿಷೇಧಿಸಿದರು. ಕಾಲೇಜು, ಹೈಸ್ಕೂಲಿನ ದೊಡ್ಡ ತರಗತಿಗಳು ಆನ್‌ಲೈನ್ ಆದವು. ವೃದ್ಧಾಶ್ರಮಗಳಿಗೆ ಹೊರಗಿನವರು ಹೋಗಬಾರದು ಎಂದರು. 16ರ ಒಳಗಿನ ಮಕ್ಕಳ ಶಾಲೆ, ಹೋಟೆಲು, ಅಂಗಡಿ ಮಾತ್ರ ತೆರೆದಿದ್ದವು. ಪೊಲೀಸರು ಬೀದಿಯಲ್ಲಿ ನಿಂತು ತಡೆಯಲಿಲ್ಲ.

ಆದರೆ ವೃದ್ಧಾಶ್ರಮದಲ್ಲಿ ಆಗಬಾರದ್ದು ಆಯಿತು. ಮೊದಲ ಅಲೆಯಲ್ಲಿ ಅಲ್ಲಿಯ ಹಿರಿಯರು ತುಂಬಾ ಜನ ಹೋದರು. ಅಲ್ಲಿಯ ಸರ್ಕಾರವೇ ನೇಮಿಸಿದ ಆಯೋಗ 2020ರ ಡಿಸೆಂಬರ್‌ನಲ್ಲಿ ವಯಸ್ಸಾದವರನ್ನು ಕಾಪಾಡಲು ಸೋತಿದ್ದೇವೆ ಎಂದು ಬರೆಯಿತು. ಅದೇ ತಿಂಗಳು ಅವರ ರಾಜ ಕೂಡ ನಾವು ಸೋತಿದ್ದೇವೆ ಎಂದರು. ಅಧಿಕಾರದಲ್ಲಿರುವವರು ಹೀಗೆ ಬಾಯಿಬಿಟ್ಟು ಹೇಳುವುದು ಸುಲಭ ಅಲ್ಲ. ಅದು ನನಗೆ ಇಷ್ಟವಾಯಿತು.

ತುಂಗಾ ತೀರ:
ಸಿಸ್ಟರ್, ಥ್ಯಾಂಕ್ಸ್. ಅಕ್ಕನಿಗೆ ಓದಿ ಹೇಳಿದೆ. ಅವಳು ಹೇಳುತ್ತಾಳೆ: "ಮೂರು ವರ್ಷದ ಲೆಕ್ಕ ತೆಗೆದರೆ ಯುರೋಪಿನಲ್ಲಿ ನಮ್ಮಲ್ಲೇ ಕಡಿಮೆ ಸಾವು. ಅದನ್ನೂ ಹಾಕು."

ಭದ್ರಾವತಿ ಸಿಸ್ಟರ್:
ಅಕ್ಕ ಹೇಳಿದ್ದರಲ್ಲಿ ನಿಜ ಇದೆ. ಪ್ರತಿ ವರ್ಷ ಇಂತಿಷ್ಟು ಜನ ಸಾಯುತ್ತಾರೆ ಎಂಬ ಅಂದಾಜು ಇರುತ್ತದೆ. ಅದಕ್ಕಿಂತ ಹೆಚ್ಚು ಎಷ್ಟು ಜನ ಸತ್ತರು ಅಂತ ನೋಡಿದರೆ, 2020ರಿಂದ 2022ರವರೆಗೆ ಒಟ್ಟಾರೆ ಸ್ವೀಡನ್ ಯುರೋಪಿನ ಕಡಿಮೆ ಸಾವಿನ ದೇಶಗಳ ಸಾಲಿನಲ್ಲಿದೆ. ಆದರೆ 2020ನ್ನು ಮಾತ್ರ ತೆಗೆದುಕೊಳ್ಳಿ. ಪಕ್ಕದ ನಾರ್ವೆ, ಫಿನ್‌ಲೆಂಡ್‌ಗಿಂತ ಎಷ್ಟೋ ಪಟ್ಟು ಜಾಸ್ತಿ. ಆ ವರ್ಷ ಸತ್ತವರಿಗೆ ಲಸಿಕೆ ಬರುವವರೆಗೆ ಕಾಯುವ ಅವಕಾಶವೇ ಸಿಗಲಿಲ್ಲ. ನನಗೆ ಆ ಲೆಕ್ಕವೇ ದೊಡ್ಡದು.

ಕೊಪ್ಪದ ಕಾಫಿ:
ನಾನು ವಕೀಲ. ಎಲ್ಲರೂ ಆರೋಗ್ಯದ ಕಡೆಯಿಂದ ನೋಡುತ್ತಿದ್ದೀರಿ. ಕಾನೂನಿನ ಕಡೆಯಿಂದಲೂ ನೋಡಿ, ಅರ್ಧ ಉತ್ತರ ಅಲ್ಲೇ ಇದೆ.

ಸ್ವೀಡನ್‌ನಲ್ಲಿ ಇಲಾಖೆಗಳ ಕೆಲಸದಲ್ಲಿ ಮಂತ್ರಿಗಳು ಕೈ ಹಾಕುವಂತಿಲ್ಲ. ಅದಕ್ಕೇ ಅಲ್ಲಿ ದಿನಾ ಟಿವಿಯಲ್ಲಿ ಕಂಡದ್ದು ಆಂಡರ್ಸ್ ಟೆಗ್ನೆಲ್ ಎಂಬ ಸಾಂಕ್ರಾಮಿಕ ರೋಗ ತಜ್ಞರು, ಪ್ರಧಾನಿ ಅಲ್ಲ. ಯುದ್ಧ ಇಲ್ಲದ ಕಾಲದಲ್ಲಿ ತುರ್ತು ಪರಿಸ್ಥಿತಿ ಘೋಷಿಸಲು ಅವರ ಸಂವಿಧಾನದಲ್ಲಿ ದಾರಿ ಇಲ್ಲ. ಅಂಗಡಿಗಳ ಮೇಲೆ ಬಿಗಿ ನಿಯಮ ಹಾಕಲು 2021ರ ಜನವರಿಯಲ್ಲಿ ಹೊಸ ಕಾನೂನನ್ನೇ ತರಬೇಕಾಯಿತು. ಜಪಾನ್‌ನಲ್ಲೂ ಹೀಗೇ. 2020ರ ಏಪ್ರಿಲ್ 7ಕ್ಕೆ ತುರ್ತು ಸ್ಥಿತಿ ಎಂದರು. ಆದರೆ ಮನೆಯಿಂದ ಹೊರಬಂದವನಿಗೆ ದಂಡ ಹಾಕುವ ಅಧಿಕಾರ ಇರಲಿಲ್ಲ. ದಯವಿಟ್ಟು ಬರಬೇಡಿ ಅಂತ ಕೇಳಿಕೊಂಡರು. ಜನ ಬಹಳ ಮಟ್ಟಿಗೆ ಕೇಳಿದರು.

ನಮ್ಮ ಕೈಯಲ್ಲಿ ಇದ್ದದ್ದು ಎರಡು ಅಸ್ತ್ರ. ಒಂದು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ. ಬಾಂಬೆಯಲ್ಲಿ ಪ್ಲೇಗ್ ಬಂದಾಗ ಬ್ರಿಟಿಷರು ಮಾಡಿದ್ದು. ಇನ್ನೊಂದು 2005ರ ವಿಪತ್ತು ನಿರ್ವಹಣಾ ಕಾಯ್ದೆ. ಅದು ಸುನಾಮಿ ಆದ ಮರುವರ್ಷ ಬಂದದ್ದು. ಎರಡೂ ಮೇಲಿನಿಂದ ಆದೇಶ ಕೊಡುವ ಕಾನೂನುಗಳು. ಕೈಯಲ್ಲಿ ಯಾವ ಕತ್ತಿ ಇರುತ್ತದೋ ಅದರಲ್ಲೇ ತಾನೇ ಸುಲಿಯುವುದು?

ಸಾಗರದ ಮೇಷ್ಟ್ರು:
ಶಾಲೆಯ ಮಾತು ಬಂತಲ್ಲ, ನಾನು ಸುಮ್ನೆ ಇರಲಾರೆ. ಪ್ರೈಮರಿ ಶಾಲೆ ಮೇಷ್ಟ್ರು ನಾನು.

ಡೆನ್ಮಾರ್ಕ್‌ನಲ್ಲಿ 2020ರ ಏಪ್ರಿಲ್ 15ಕ್ಕೇ ಸಣ್ಣ ಮಕ್ಕಳ ಶಾಲೆ ತೆರೆದರು. ಸಣ್ಣ ಗುಂಪು ಮಾಡಿದರು. ಆದಷ್ಟು ಹೊತ್ತು ಹೊರಗೆ ಬಯಲಿನಲ್ಲಿ ಪಾಠ ಮಾಡಿದರು. ಕೈ ತೊಳೆಸಿದರು. ನಮ್ಮ ರಾಜ್ಯದಲ್ಲಿ 1ರಿಂದ 5ನೇ ತರಗತಿ ಮತ್ತೆ ಶುರುವಾಗಿದ್ದು 2021ರ ಅಕ್ಟೋಬರ್ 25ಕ್ಕೆ. ಲೆಕ್ಕ ಹಾಕಿ, ಒಂದೂವರೆ ವರ್ಷಕ್ಕಿಂತ ಜಾಸ್ತಿ. 2020ರಲ್ಲಿ ಒಂದನೇ ತರಗತಿಗೆ ಹೆಸರು ಹಚ್ಚಿದ ಮಗು ನನ್ನ ಮುಂದೆ ಬಂದು ಕೂತದ್ದು ಎರಡನೇ ತರಗತಿಯಲ್ಲಿ. ಅ ಆ ಬರುತ್ತಿರಲಿಲ್ಲ. ಸ್ಲೇಟು ಹಿಡಿಯುವುದೇ ಗೊತ್ತಿರಲಿಲ್ಲ.

ನಡುವೆ 2020ರಲ್ಲಿ ವಿದ್ಯಾಗಮ ಅಂತ ಬಂತು. ನಾವೇ ಊರೂರಿಗೆ ಹೋಗಿ ಪಾಠ ಮಾಡುವುದು. ಮಳೆಗಾಲದಲ್ಲಿ ಕಂಬಳಿಕೊಪ್ಪೆ ಹೊದ್ದುಕೊಂಡು ಹೋಗಿದ್ದೇನೆ. ಯಾರದೋ ಮನೆ ಜಗಲಿ, ಇಲ್ಲವೇ ದೇವಸ್ಥಾನದ ಪೌಳಿ. ಐದಾರು ಮಕ್ಕಳು. ಅಷ್ಟು ಖುಷಿಯಿಂದ ಕಲಿತ ಮಕ್ಕಳನ್ನು ನಾನು ಬೇರೆ ಯಾವಾಗಲೂ ನೋಡಿಲ್ಲ. ಅಕ್ಟೋಬರ್‌ನಲ್ಲಿ ಅದೂ ನಿಂತಿತು. ಆಮೇಲೆ ಆನ್‌ಲೈನ್ ಎಂದರು. ನಮ್ಮ ಕಡೆ ನೆಟ್‌ವರ್ಕ್ ಎಲ್ಲಿದೆ? ದೊಡ್ಡ ತರಗತಿಯ ಹುಡುಗಿಯರು ಗುಡ್ಡದ ನೆತ್ತಿಗೆ ಹತ್ತಿ, ಕೊಡೆ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತಾ ಪಾಠ ಕೇಳಿದರು. ಒಂದು ಮನೆಯಲ್ಲಿ ಮೂರು ಮಕ್ಕಳಿಗೆ ಒಂದು ಫೋನು. ಅದೂ ಅಪ್ಪ ಕೆಲಸಕ್ಕೆ ಹೋದರೆ ಇಲ್ಲ.

ನನ್ನ ಕೋಪ ಇಷ್ಟೇ. ಮಾಲ್ ತೆರೆಯಿತು, ಮದುವೆ ಮಂಟಪ ತೆರೆಯಿತು, ಚುನಾವಣೆ ನಡೆಯಿತು. ಶಾಲೆ ಮಾತ್ರ ಕೊನೆಗೆ ತೆರೆಯಿತು. ಮಕ್ಕಳಿಗೆ ಓಟು ಇಲ್ಲ.

ಹೊಸನಗರ ಹುಡುಗ:
ಮೇಷ್ಟ್ರೇ, ನಿಮ್ಮ ನೋವು ಅರ್ಥ ಆಗುತ್ತದೆ. ಆದರೆ ಆಗ ನಮ್ಮ ಮನೆಗಳಲ್ಲಿ ಅಜ್ಜ, ಅಜ್ಜಿ, ಮೊಮ್ಮಗು ಒಂದೇ ಸೂರಿನಡಿ ಮಲಗುತ್ತಿದ್ದರು. ಸ್ವೀಡನ್‌ನಲ್ಲಿ ಒಬ್ಬರೇ ವಾಸಿಸುವ ಮನೆಗಳು ಬಹಳ. ಮಗು ಶಾಲೆಯಿಂದ ಸೋಂಕು ತಂದರೆ ಅಲ್ಲಿ ಅಪ್ಪ ಅಮ್ಮನಿಗೆ ಮಾತ್ರ. ಇಲ್ಲಿ ನೇರ ಅಜ್ಜಿಗೆ.

ಸಾಗರದ ಮೇಷ್ಟ್ರು:
ಒಪ್ಪುತ್ತೇನೆ, 2020ರ ಮಟ್ಟಿಗೆ. 2021ರ ಆಗಸ್ಟ್ ಹೊತ್ತಿಗೆ ಅಜ್ಜಿಗೆ ಲಸಿಕೆ ಆಗಿತ್ತಲ್ಲ. ಆಗಲಾದರೂ ತೆರೆಯಬಹುದಿತ್ತು.

ಶರಾವತಿ ಹಿನ್ನೀರು:
ನಾನು ಆಶಾ ಕಾರ್ಯಕರ್ತೆ. ಓದಿದ್ದು ಕಡಿಮೆ, ಆದರೆ ಕಂಡದ್ದು ಹೇಳುತ್ತೇನೆ.

ನಮ್ಮ ಜಿಲ್ಲೆಗೆ ಕೊರೊನಾ ಹೊಸದು, ಆದರೆ ಸಾಂಕ್ರಾಮಿಕ ಹೊಸದಲ್ಲ. ಕಾಡಿನ ಉಣುಗು ಕಚ್ಚಿ ಬರುವ ಮಂಗನ ಕಾಯಿಲೆ ಮೊದಲು ಪತ್ತೆ ಆಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, 1957ರಲ್ಲಿ. 2019ರಲ್ಲಿ ಅರಳಗೋಡಿನಲ್ಲಿ ಎಷ್ಟು ಜನ ಹೋದರು ಅಂತ ಈ ಕಡೆಯವರಿಗೆ ಗೊತ್ತು. ಹಾಗಾಗಿ 2020ರ ಮಾರ್ಚ್‌ನಲ್ಲಿ ನಾವು ಒಂದು ಕೈಯಲ್ಲಿ ಉಣುಗು ಹತ್ತದಂತೆ ಹಚ್ಚುವ ಎಣ್ಣೆ, ಇನ್ನೊಂದು ಕೈಯಲ್ಲಿ ಕೊರೊನಾ ಸರ್ವೆ ಪುಸ್ತಕ ಹಿಡಿದು ಓಡಾಡಿದೆವು. ಜ್ವರ ಬಂದವರ ಪಟ್ಟಿ ಮಾಡುವುದು, ರಕ್ತ ಪರೀಕ್ಷೆಗೆ ಕಳಿಸುವುದು, ಅಕ್ಕಪಕ್ಕದ ಮನೆ ಕೇಳುವುದು ನಮಗೆ ಮೊದಲೇ ಅಭ್ಯಾಸ. ಹೊಸದಾಗಿ ಕಲಿಯಬೇಕಾಗಿರಲಿಲ್ಲ. ಜನರೂ ಬಾಗಿಲು ತೆರೆದು ಮಾತಾಡಿದರು, ಯಾಕೆಂದರೆ ಹಿಂದಿನ ವರ್ಷ ಅವರ ಮನೆಗೆ ಬಂದದ್ದೂ ನಾವೇ.

ಒಮ್ಮೆ ಪೆಟ್ಟು ತಿಂದವರಿಗೆ ಕಿವಿ ಬೇಗ ನಿಮಿರುತ್ತದೆ. ದೇಶಗಳ ವಿಷಯವೂ ಹೀಗೇ ಇರಬಹುದಾ ಅಂತ ನನ್ನ ಅನುಮಾನ.

ಭದ್ರಾವತಿ ಸಿಸ್ಟರ್:
ಎಂಥ ಮಾತು ಹೇಳಿದಿರಿ! ಹಾಗೇ ಇದೆ. ತೈವಾನ್ 2003ರಲ್ಲಿ ಸಾರ್ಸ್ ಎಂಬ ಉಸಿರಾಟದ ಸಾಂಕ್ರಾಮಿಕದಿಂದ ನರಳಿತ್ತು. ಅದಕ್ಕೇ 2019ರ ಡಿಸೆಂಬರ್ 31ರಂದೇ ವುಹಾನ್‌ನಿಂದ ಬಂದ ವಿಮಾನಗಳೊಳಗೆ ಹತ್ತಿ ಪ್ರಯಾಣಿಕರನ್ನು ಪರೀಕ್ಷೆ ಮಾಡಲು ಶುರು ಮಾಡಿದರು. ನಾವಿನ್ನೂ ಹೊಸ ವರ್ಷದ ಶುಭಾಶಯ ಹೇಳುತ್ತಿದ್ದೆವು. ಫೆಬ್ರವರಿ 6ರಿಂದ ಆರೋಗ್ಯ ವಿಮೆ ಕಾರ್ಡ್ ತೋರಿಸಿದವರಿಗೆ ಮಾಸ್ಕ್ ರೇಷನ್. ಕ್ವಾರಂಟೈನ್‌ನಲ್ಲಿ ಇದ್ದವರಿಗೆ ದಿನಕ್ಕೆ 1000 ತೈವಾನ್ ಡಾಲರ್ ಪರಿಹಾರ. 2.3 ಕೋಟಿ ಜನರ ನಾಡಿನಲ್ಲಿ 2020ರಲ್ಲಿ ಸತ್ತವರು 7 ಜನ. ಲಾಕ್‌ಡೌನ್ ಮಾಡದೆ.

ದಕ್ಷಿಣ ಕೊರಿಯಾಗೆ 2015ರಲ್ಲಿ ಅದೇ ಜಾತಿಯ ಮರ್ಸ್ ಕಾಯಿಲೆ ಬಂದಿತ್ತು. 186 ಜನಕ್ಕೆ ತಗುಲಿ 38 ಜನ ಸತ್ತರು. ಪರೀಕ್ಷಾ ಕಿಟ್ ಇರಲಿಲ್ಲ, ಯಾವ ಆಸ್ಪತ್ರೆಯಲ್ಲಿ ರೋಗಿ ಇದ್ದಾನೆ ಅಂತ ಹೇಳಲಿಲ್ಲ ಎಂದು ಜನ ಸಿಟ್ಟಾದರು. ಆಮೇಲೆ ಕಾನೂನು ಬದಲಾಯಿಸಿಕೊಂಡರು. ಹಾಗಾಗಿ 2020ರಲ್ಲಿ ಕಾರಿನಲ್ಲಿ ಕೂತೇ ಗಂಟಲ ದ್ರವ ಕೊಟ್ಟು ಹೋಗುವ ಕೇಂದ್ರಗಳು ಬೇಗ ತಯಾರಾದವು. ಏಪ್ರಿಲ್ 15ಕ್ಕೆ ಸಂಸತ್ ಚುನಾವಣೆಯನ್ನೂ ನಡೆಸಿದರು.

ಕೊಪ್ಪದ ಕಾಫಿ:
ಕೊರಿಯಾದ ಇನ್ನೊಂದು ಮುಖವನ್ನೂ ಹೇಳಿ ಸಿಸ್ಟರ್. ಸೋಂಕಿತ ಎಲ್ಲಿ ಹೋದ, ಎಷ್ಟು ಗಂಟೆಗೆ ಹೋದ ಎನ್ನುವುದನ್ನು ಬ್ಯಾಂಕ್ ಕಾರ್ಡ್, ಫೋನ್ ಮೂಲಕ ಹುಡುಕಿ ಸುತ್ತಲಿನ ಜನರ ಮೊಬೈಲ್‌ಗೆ ಕಳಿಸುತ್ತಿದ್ದರು. ಹೆಸರು ಹಾಕದಿದ್ದರೂ ಜನ ಊಹಿಸಿ ಹೀಯಾಳಿಸಿದರು. ಆಮೇಲೆ ನಿಯಮ ಸಡಿಲಿಸಬೇಕಾಯಿತು.

ಆಟೋ ಅಣ್ಣ ಶಿವಮೊಗ್ಗ:
ನಮ್ಮಲ್ಲಿ ಬಾಗಿಲಿಗೆ ಚೀಟಿ ಅಂಟಿಸಿದರಲ್ಲ, ಅದಕ್ಕಿಂತ ಅವಮಾನವಾ? ನಮ್ಮ ಬೀದಿಯಲ್ಲಿ ಒಂದು ಮನೆಗೆ ಸೀಲ್‌ಡೌನ್ ಅಂತ ತಗಡು ಹೊಡೆದರು. ಕಾಯಿಲೆ ವಾಸಿಯಾಗಿ ಆರು ತಿಂಗಳಾದರೂ ಅವರ ಮನೆಗೆ ಯಾರೂ ಹಾಲು ಹಾಕಲಿಲ್ಲ.

ಕೊಪ್ಪದ ಕಾಫಿ:
ಆ ಚೀಟಿ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹಾಗೆ ಸುಮ್ಮಸುಮ್ಮನೆ ಮನೆ ಬಾಗಿಲಿಗೆ ಅಂಟಿಸುವಂತಿಲ್ಲ ಎಂದು 2020ರ ಡಿಸೆಂಬರ್‌ನಲ್ಲಿ ಹೇಳಿತು. ಅಷ್ಟು ಹೊತ್ತಿಗೆ ಮೊದಲ ಅಲೆಯೇ ಇಳಿದಿತ್ತು.

ಆಟೋ ಅಣ್ಣ ಶಿವಮೊಗ್ಗ:
ಈಗ ನನ್ನ ವಿಷಯ. ಎಲ್ಲರೂ ಗಡಿ, ಶಾಲೆ, ಕಾನೂನು ಅನ್ನುತ್ತಿದ್ದೀರಿ. ನನಗೆ ಒಂದೇ ಪ್ರಶ್ನೆ. ಮನೆಯಲ್ಲಿ ಇರು ಅಂದ ಸರ್ಕಾರ ಮನೆಗೆ ಏನು ಕಳಿಸಿತು?

ನನ್ನ ಭಾವ ಲಂಡನ್‌ನಲ್ಲಿ ಹೋಟೆಲ್ ಕೆಲಸದಲ್ಲಿದ್ದ. ಹೋಟೆಲ್ ಮುಚ್ಚಿತು. ಆದರೂ ಸಂಬಳದ 80% ಅಲ್ಲಿಯ ಸರ್ಕಾರ ಕೊಟ್ಟಿತು, ತಿಂಗಳಿಗೆ 2500 ಪೌಂಡ್ ಮಿತಿ. ಕೆಲಸವೂ ಉಳಿಯಿತು. ನನಗೆ? 2020ರ ಮೇನಲ್ಲಿ ರಾಜ್ಯ ಸರ್ಕಾರ ಆಟೋ, ಟ್ಯಾಕ್ಸಿಯವರಿಗೆ 5000 ರೂಪಾಯಿ ಎಂದಿತು. ನನಗೆ ಬಂತು, ಸುಳ್ಳು ಹೇಳಲಾರೆ. ನನ್ನ ಸ್ಟ್ಯಾಂಡಿನ ಇನ್ನೊಬ್ಬನಿಗೆ ಬರಲಿಲ್ಲ. ಲೈಸೆನ್ಸ್‌ನಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು. ತಿದ್ದಿಸಲು ನಾಲ್ಕು ಸಲ ಅಲೆದ. ಬೆಳಿಗ್ಗೆ ಹೋದರೆ ಸರ್ವರ್ ಇಲ್ಲ, ಸಂಜೆ ಹೋದರೆ ಸಾಹೇಬರು ಇಲ್ಲ. 2021ರಲ್ಲಿ 3000 ಕೊಟ್ಟರು. ಆಟೋ ಸಾಲದ ಒಂದು ಕಂತಿಗೂ ಸಾಲಲಿಲ್ಲ. ಕಂತು ಮುಂದೂಡಿದರು, ಆದರೆ ಬಡ್ಡಿ ಓಡುತ್ತಲೇ ಇತ್ತು.

ನಾವು ಹೊರಗೆ ಬಂದದ್ದು ಕಾಯಿಲೆಗೆ ಹೆದರದೆ ಅಲ್ಲ. ಹಸಿವಿಗೆ ಹೆದರಿ.

ಹೊಸನಗರ ಹುಡುಗ:
ಅಣ್ಣ, ಬ್ರಿಟನ್ ಶ್ರೀಮಂತ ದೇಶ. ಜರ್ಮನಿಯಲ್ಲಿ ಕಡಿತವಾದ ಸಂಬಳದ 60% ಸರ್ಕಾರವೇ ಭರಿಸುವ ಪದ್ಧತಿ ಮೊದಲೇ ಇತ್ತು, ಮಕ್ಕಳಿದ್ದವರಿಗೆ 67%. ಅವರ ಜನ ಹೆಚ್ಚಿನವರು ಸಂಬಳದ ಪಟ್ಟಿಯಲ್ಲಿ ಇದ್ದಾರೆ. ನಮ್ಮಲ್ಲಿ ಹತ್ತರಲ್ಲಿ ಎಂಟು ಜನಕ್ಕೆ ಸಂಬಳದ ಚೀಟಿಯೇ ಇಲ್ಲ. ಯಾರಿಗೆ ಅಂತ ಕೊಡುವುದು? ಆದರೆ ಸುಮಾರು 80 ಕೋಟಿ ಜನಕ್ಕೆ ತಲೆಗೆ 5 ಕೆಜಿ ಧಾನ್ಯ ಪುಕ್ಕಟೆ ಕೊಟ್ಟದ್ದು ಸಣ್ಣ ಕೆಲಸವಾ? ಪಡಿತರ ಚೀಟಿ ಇದ್ದದ್ದಕ್ಕೆ ಅದು ಸಾಧ್ಯವಾಯಿತು.

ಶರಾವತಿ ಹಿನ್ನೀರು:
ಅಕ್ಕಿ ಬಂದದ್ದು ನಿಜ. ನಮ್ಮ ಕಾಲೋನಿಯಲ್ಲಿ ಆ ಅಕ್ಕಿ ಇಲ್ಲದಿದ್ದರೆ ಒಲೆ ಹಚ್ಚುತ್ತಿರಲಿಲ್ಲ. ಆದರೆ ಎಣ್ಣೆ, ಉಪ್ಪು, ಮಾತ್ರೆಗೆ ರೊಕ್ಕ ಬೇಕಲ್ಲ. ಜನ್‌ಧನ್ ಖಾತೆ ಇದ್ದ ಹೆಂಗಸರಿಗೆ ತಿಂಗಳಿಗೆ 500, ಮೂರು ತಿಂಗಳು ಬಂತು. ಅದನ್ನು ತೆಗೆಯಲು ಬ್ಯಾಂಕಿಗೆ ಹೋಗಬೇಕು. ಬಸ್ ಇಲ್ಲ. ಹದಿನಾಲ್ಕು ಕಿಲೋಮೀಟರ್ ನಡೆದುಹೋದವರನ್ನು ನಾನು ಬಲ್ಲೆ.

ಭದ್ರಾವತಿ ಸಿಸ್ಟರ್:
ದುಡ್ಡಿನ ವಿಷಯದಲ್ಲಿ ಬ್ರೆಜಿಲ್ ನೋಡಿ, ವಿಚಿತ್ರ ಇದೆ. ನಮ್ಮಲ್ಲಿ ಲಾಕ್‌ಡೌನ್ ಘೋಷಿಸಿದ ಅದೇ ಮಾರ್ಚ್ 24ರಂದು ಅಲ್ಲಿಯ ಅಧ್ಯಕ್ಷ ಬೊಲ್ಸೊನಾರೊ ಟಿವಿಯಲ್ಲಿ ಇದನ್ನು ಸಣ್ಣ ಶೀತಜ್ವರ ಎಂದರು. ಒಪ್ಪದ ಆರೋಗ್ಯ ಮಂತ್ರಿಯನ್ನು ಏಪ್ರಿಲ್‌ನಲ್ಲಿ ತೆಗೆದರು, ಅವರ ಜಾಗಕ್ಕೆ ಬಂದವರು ಒಂದೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಆದರೆ ಅದೇ ದೇಶ ಆರು ಕೋಟಿಗೂ ಹೆಚ್ಚು ಜನಕ್ಕೆ ತಿಂಗಳಿಗೆ 600 ರಿಯಲ್ ಕೈಗೆ ಕೊಟ್ಟಿತು. ಆ ವರ್ಷ ಬಡತನ ಏರುವ ಬದಲು ಸ್ವಲ್ಪ ಇಳಿಯಿತು. ಹೆಣ ಹೂಳಲು ಜಾಗ ಇಲ್ಲದ ಊರುಗಳೂ ಅಲ್ಲೇ ಇದ್ದವು. ಹಾಗಾಗಿ ಒಳ್ಳೆ ದೇಶ, ಕೆಟ್ಟ ದೇಶ ಅಂತ ಎರಡು ಗುಂಪು ಮಾಡಲು ಆಗುವುದಿಲ್ಲ.

ಸೊರಬದ ಅನಾನಸ್:
ಎರಡು ಎಕರೆ ಅನಾನಸ್ ಕೊಳೆತ ಕಥೆ ನನ್ನದು. ಏಪ್ರಿಲ್ 2020. ಹಣ್ಣು ಹಳದಿಗೆ ಬಂದಿತ್ತು, ಲಾರಿ ಬರಲಿಲ್ಲ. ತರಕಾರಿ, ಹಣ್ಣಿನ ಸಾಗಾಟಕ್ಕೆ ತಡೆ ಇಲ್ಲ ಅಂತ ಆದೇಶ ಇತ್ತಂತೆ. ಆದರೆ ಆ ಆದೇಶ ದಾರಿಯಲ್ಲಿ ನಿಂತ ಪೊಲೀಸರಿಗೆ ತಲುಪಿರಲಿಲ್ಲ. ಡ್ರೈವರ್‌ಗಳು ಲಾಠಿ ಪೆಟ್ಟಿಗೆ ಹೆದರಿ ಬರಲಿಲ್ಲ. ದನಗಳಿಗೆ ಹಾಕಿದೆವು, ಅವೂ ಸಾಕು ಎಂದವು.

ಮುಚ್ಚಿದ್ದಕ್ಕೆ ನನ್ನ ತಕರಾರು ಇಲ್ಲ. ನಮ್ಮ ಜಿಲ್ಲೆಯಲ್ಲಿ ಮೇ 10ರವರೆಗೆ ಒಂದು ಕೇಸೂ ಇರಲಿಲ್ಲ, ಹಸಿರು ವಲಯ. ಬೆಂಗಳೂರಿಗೂ ಸೊರಬಕ್ಕೂ ಒಂದೇ ಅಳತೆಯ ಅಂಗಿ ಯಾಕೆ ಹೊಲಿಸಿದರು ಅನ್ನುವುದು ನನ್ನ ಪ್ರಶ್ನೆ.

ಕುಂದಾದ್ರಿ:
ಮೊದಲ ಕೇಸ್ ಬಂದದ್ದೇ ಹೊರಗಿನಿಂದ ಬಂದವರಿಂದ. ಮುಚ್ಚದಿದ್ದರೆ ಮಾರ್ಚ್‌ನಲ್ಲೇ ಬರುತ್ತಿತ್ತು. ಮುಚ್ಚಿದ್ದಕ್ಕೇ ಹಸಿರು ವಲಯ ಆಗಿದ್ದು ಮಾರಾಯ್ರೇ.

ಸೊರಬದ ಅನಾನಸ್:
ಅದೂ ಸರಿ ಇರಬಹುದು. ಆದರೆ ರಾತ್ರಿ 8ಕ್ಕೆ ಹೇಳಿ 12ಕ್ಕೆ ಮುಚ್ಚುವುದು? ಮರುದಿನ ಯುಗಾದಿ. ಬೇವು ಬೆಲ್ಲ ತರಲು ಹೋದವರು ಅಂಗಡಿ ಮುಂದೆ ಗುಂಪು ಕಟ್ಟಿದರು. ದೂರ ಇರಿ ಅಂದ ರಾತ್ರಿಯೇ ಎಲ್ಲರೂ ಹತ್ತಿರ ಬಂದರು.

ಹೊಸನಗರ ಹುಡುಗ:
ಇದಕ್ಕೆ ನಾನೂ ಒಪ್ಪುತ್ತೇನೆ. ನ್ಯೂಜಿಲೆಂಡ್‌ನಲ್ಲಿ ಮಾರ್ಚ್ 23ಕ್ಕೆ ಹೇಳಿ 48 ಗಂಟೆ ಕೊಟ್ಟರು. ಮನೆಗೆ ಹೋಗುವವರು ಹೋಗಿ ಸೇರಿದರು. ನಾನು ಆಗ ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೆ. ಮೆಸ್ ಮುಚ್ಚಿತು. ಹತ್ತು ದಿನ ಬ್ರೆಡ್ ತಿಂದೆ. ಕಟ್ಟಡದ ಕೆಲಸದವರು ನಮ್ಮ ಕಿಟಕಿ ಕೆಳಗೇ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆದುಹೋಗುತ್ತಿದ್ದರು. ಶ್ರಮಿಕ್ ರೈಲು ಶುರುವಾದದ್ದು ಮೇ 1ಕ್ಕೆ. ನಮ್ಮ ರಾಜ್ಯ ನಡುವೆ ಆ ರೈಲುಗಳನ್ನು ನಿಲ್ಲಿಸಿ, ಟೀಕೆ ಬಂದ ಮೇಲೆ ಮತ್ತೆ ಬಿಟ್ಟಿತು. ಆ ದೃಶ್ಯ ನನಗೆ ಈಗಲೂ ಮರೆಯಲು ಆಗಿಲ್ಲ.

ಸಾಗರದ ಮೇಷ್ಟ್ರು:
ಸ್ವಲ್ಪ ಬೇರೆ ಮಾತು. ನನ್ನ ಅಜ್ಜಿ ಪ್ಲೇಗಿನ ಕಥೆ ಹೇಳುತ್ತಿದ್ದರು. ಮಾಡಿನಿಂದ ಇಲಿ ಸತ್ತು ಬಿದ್ದರೆ ಸಾಕು, ಊರಿಗೆ ಊರೇ ಮನೆ ಬಿಟ್ಟು ಗದ್ದೆಯಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರಂತೆ. ಸರ್ಕಾರ ಹೇಳಿ ಅಲ್ಲ, ತಾವೇ. ತಿಂಗಳುಗಟ್ಟಲೆ. 2020ರಲ್ಲೂ ಎಷ್ಟೋ ಊರಿನವರು ದಾರಿಗೆ ಮುಳ್ಳು ಬೇಲಿ ಹಾಕಿದ್ದನ್ನು ನೋಡಿ ಅಜ್ಜಿ ನೆನಪಾದರು.

ಶರಾವತಿ ಹಿನ್ನೀರು:
ಆ ಬೇಲಿಯಿಂದ ಒಬ್ಬಳು ಬಸುರಿ ಹೆಂಗಸನ್ನು ಕರೆದುಕೊಂಡು ಹೋಗಲು ನಾವು ಪಟ್ಟ ಪಾಡು ದೇವರಿಗೇ ಗೊತ್ತು ಮೇಷ್ಟ್ರೇ. ಬೇಲಿ ಹಾಕುವಾಗ ಒಂದು ತಡಿಕೆ ಬಾಗಿಲು ಬಿಡಬೇಕಿತ್ತು.

ತುಂಗಾ ತೀರ:
ಈ ಮಾತು ಓದಿ ಕೈ ನಿಂತಿತು. ನನ್ನ ತಮ್ಮನಿಗೂ ಇದನ್ನೇ ಓದಿಸಿದೆ. ಅವನು ಸುಮಾರು ಹೊತ್ತು ಸುಮ್ಮನಿದ್ದ. ಆಮೇಲೆ ಹೇಳಿದ್ದನ್ನು ಹಾಗೇ ಹಾಕುತ್ತೇನೆ.

"ಬೇಲಿ ಹಾಕಿದ್ದು ಸರಿ ಅಂತ ಈಗಲೂ ಹೇಳುತ್ತೇನೆ. 50 ಲಕ್ಷ ಜನರ ದೇಶ. ಐಸಿಯು ಹಾಸಿಗೆ ತೀರಾ ಕಡಿಮೆ. 2020ರ ಜೂನ್ 8ಕ್ಕೆ ಅಲ್ಲಿ ಒಬ್ಬ ಕೊರೊನಾ ರೋಗಿಯೂ ಉಳಿದಿರಲಿಲ್ಲ. ನನ್ನ ಮಗು ಪಾರ್ಕಿನಲ್ಲಿ ಆಡಿತು. ಅದೇ ವೇಳೆ ನಿಮ್ಮೆಲ್ಲರ ಸುದ್ದಿ ಕೇಳಿ ನಡುಗುತ್ತಿದ್ದೆ. ಆದರೆ ದೇಶದೊಳಗೆ ಬರಲು ಯಾರಿಗೆ ಕ್ವಾರಂಟೈನ್ ಜಾಗ ಅಂತ ಕಂಪ್ಯೂಟರ್‌ನಲ್ಲಿ ಲಾಟರಿ ಹಾಕಿದರಲ್ಲ, ಅದು ತಪ್ಪು. ಸಾಯುವ ಅಪ್ಪನನ್ನು ನೋಡಬೇಕಾದವನಿಗೂ ಬೇರೆ ಕೆಲಸಕ್ಕೆ ಬರುವವನಿಗೂ ಒಂದೇ ಸಾಲು. ಅಲ್ಲಿಯ ಹೈಕೋರ್ಟ್ 2022ರ ಏಪ್ರಿಲ್‌ನಲ್ಲಿ ಅದನ್ನೇ ಹೇಳಿತು. ನಾಗರಿಕರ ಹಕ್ಕಿಗೆ ಧಕ್ಕೆ ಆಗಿದೆ ಎಂದಿತು. ನಾನು ನಾಗರಿಕನೂ ಆಗಿರಲಿಲ್ಲ, ನನಗೆ ಆ ಸಾಲೂ ಇರಲಿಲ್ಲ."

ಇದನ್ನು ಅವನು ನಾಲ್ಕು ವರ್ಷದಲ್ಲಿ ಮೊದಲ ಸಲ ಹೇಳಿದ. ಅಮ್ಮ ಪಕ್ಕದಲ್ಲೇ ಇದ್ದರು.

ಕೊಪ್ಪದ ಕಾಫಿ:
ಅಕ್ಕ, ನಿಮ್ಮ ತಮ್ಮ ಹೇಳಿದ್ದು ನಿಜ. ಆ ದೇಶದ ಕೋರ್ಟು 2020ರ ಆಗಸ್ಟ್‌ನಲ್ಲೂ ಒಂದು ತೀರ್ಪು ಕೊಟ್ಟಿತ್ತು. ಮನೆಯಲ್ಲಿರಿ ಎಂದದ್ದು ಅಗತ್ಯವೇ, ಆದರೆ ಮೊದಲ 9 ದಿನ ಅದಕ್ಕೆ ಕಾನೂನಿನ ಬಲ ಇರಲಿಲ್ಲ ಎಂದಿತು. ಸರ್ಕಾರದ ಉದ್ದೇಶ ಒಳ್ಳೆಯದಿದ್ದರೂ ಕೋರ್ಟು ಕೇಳುವುದನ್ನು ಬಿಡಲಿಲ್ಲ. ನನಗೆ ಆ ದೇಶದಲ್ಲಿ ಹೊಟ್ಟೆಕಿಚ್ಚು ಆಗುವುದು ಈ ವಿಷಯಕ್ಕೆ.

ಕುಂದಾದ್ರಿ:
ಚೀನಾವನ್ನು ಯಾಕೆ ಬಿಟ್ಟಿರಿ? ಬೇಲಿ ಹಾಕಿದ್ದರಲ್ಲಿ ಅವರೇ ಮೊದಲು.

ಭದ್ರಾವತಿ ಸಿಸ್ಟರ್:
ಬೇಲಿ ತೆಗೆಯುವುದು ಯಾವಾಗ ಅಂತ ಗೊತ್ತಾಗದೆ ಕಷ್ಟಪಟ್ಟವರು ಅವರು. 2020ರ ಜನವರಿ 23ಕ್ಕೆ ವುಹಾನ್ ಮುಚ್ಚಿದರು, ಏಪ್ರಿಲ್ 8ಕ್ಕೆ ತೆರೆದರು. ಆಗ ಅದು ಫಲ ಕೊಟ್ಟಿತು. 2022ರಲ್ಲಿ ಓಮಿಕ್ರಾನ್ ಬಂದಾಗಲೂ ಅದೇ ದಾರಿ. ಶಾಂಘೈ ಎರಡು ತಿಂಗಳು ಬಂದ್. ಆಮೇಲೆ ಡಿಸೆಂಬರ್‌ನಲ್ಲಿ ಒಂದೇ ಸಲ ಎಲ್ಲ ಬಿಟ್ಟರು. ಇನ್ನೂ ಲಸಿಕೆ ಪೂರ್ತಿ ಆಗದ ಹಿರಿಯರು ತುಂಬಾ ಇದ್ದರು. ಹಾಂಕಾಂಗ್‌ನಲ್ಲಿ ಅದೇ ವರ್ಷದ ಶುರುವಿನಲ್ಲಿ ಹೀಗೇ ಆಗಿ ವೃದ್ಧರು ಸಾಲು ಸಾಲು ಹೋಗಿದ್ದರು. ನ್ಯೂಜಿಲೆಂಡ್ ಮೊದಲು ಲಸಿಕೆ ಹಾಕಿಸಿ ಆಮೇಲೆ ಗಡಿ ತೆರೆಯಿತು. ವ್ಯತ್ಯಾಸ ಅಲ್ಲಿದೆ.

ಹೊಸನಗರ ಹುಡುಗ:
ಲಸಿಕೆ ಅಂದಾಗ ಭೂತಾನ್ ನೆನಪಾಯಿತು. ನಮ್ಮ ಹಾಗೇ ಗುಡ್ಡಗಾಡು. 2021ರ ಮಾರ್ಚ್ 27ಕ್ಕೆ ಶುರು ಮಾಡಿ ಸುಮಾರು ಎರಡು ವಾರದಲ್ಲಿ ವಯಸ್ಕರಲ್ಲಿ 90%ಕ್ಕೂ ಹೆಚ್ಚು ಜನಕ್ಕೆ ಮೊದಲ ಡೋಸ್ ಹಾಕಿದರು. ಲಸಿಕೆ ನಮ್ಮ ದೇಶದ ಕೋವಿಶೀಲ್ಡ್. ದೂರದ ಊರಿಗೆ ಹೆಲಿಕಾಪ್ಟರ್, ಅದೂ ಹೋಗದ ಕಡೆ ಕಾಲ್ನಡಿಗೆ.

ಆಟೋ ಅಣ್ಣ ಶಿವಮೊಗ್ಗ:
ನಮ್ಮಲ್ಲಿ ಆಗ ಮೊಬೈಲ್‌ನಲ್ಲಿ ಸ್ಲಾಟ್ ಹುಡುಕುತ್ತಿದ್ದೆವು. ನನ್ನ ಅಮ್ಮನಿಗೆ ನಮ್ಮೂರಲ್ಲಿ ಸಿಗದೆ ಮೂವತ್ತು ಕಿಲೋಮೀಟರ್ ಆಚೆಯ ಹಳ್ಳಿಯಲ್ಲಿ ಹಾಕಿಸಿದೆ. ಆ ಹಳ್ಳಿಯವರಿಗೆ ಮೊಬೈಲ್‌ನಲ್ಲಿ ಬುಕ್ ಮಾಡಲು ಬರದೆ ಅವರ ಲಸಿಕೆ ನಮಗೆ ಸಿಕ್ಕಿತು. ಈಗ ನೆನೆದರೆ ಬೇಜಾರಾಗುತ್ತದೆ.

ಹೊಸನಗರ ಹುಡುಗ:
ಜೂನ್ 21ರಿಂದ 18 ದಾಟಿದ ಎಲ್ಲರಿಗೂ ಕೇಂದ್ರವೇ ಪುಕ್ಕಟೆ ಕೊಟ್ಟ ಮೇಲೆ ಸರಿಹೋಯಿತಲ್ಲ ಅಣ್ಣ. ಅಕ್ಟೋಬರ್ 21ಕ್ಕೆ 100 ಕೋಟಿ ಡೋಸ್.

ಭದ್ರಾವತಿ ಸಿಸ್ಟರ್:
ಅದು ದೊಡ್ಡ ಸಾಧನೆ, ಹೌದು. ಆದರೆ ಎರಡನೇ ಅಲೆ ಏಪ್ರಿಲ್, ಮೇನಲ್ಲಿ ಬಂದು ಹೋಗಿತ್ತು. 2020 ಮತ್ತು 2021 ಸೇರಿ ಭಾರತದಲ್ಲಿ 47 ಲಕ್ಷ ಹೆಚ್ಚುವರಿ ಸಾವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ನಮ್ಮ ಸರ್ಕಾರ ಆ ಲೆಕ್ಕದ ಕ್ರಮವನ್ನೇ ಒಪ್ಪಲಿಲ್ಲ. ಸರ್ಕಾರದ ಲೆಕ್ಕ ಸುಮಾರು 4.8 ಲಕ್ಷ. ಎರಡರ ನಡುವೆ ಎಷ್ಟು ಅಂತರ ನೋಡಿ. ಸಾವು ಸರಿಯಾಗಿ ನೋಂದಣಿ ಆಗುವ ದೇಶ ತನ್ನ ತಪ್ಪನ್ನು ಬೇಗ ಕಾಣುತ್ತದೆ. ಸ್ವೀಡನ್‌ಗೆ ತನ್ನ ಸೋಲು ಎಷ್ಟು ಅಂತ ಗೊತ್ತಾದದ್ದು ಆ ನೋಂದಣಿ ಪುಸ್ತಕ ಸರಿ ಇದ್ದದ್ದಕ್ಕೆ.

ತುಂಗಾ ತೀರ:
ಅಪ್ಪನ ಹೆಸರು ಯಾವ ಲೆಕ್ಕದಲ್ಲಿ ಬರುತ್ತದೆ ಸಿಸ್ಟರ್? ಅವರಿಗೆ ಕೊರೊನಾ ಇರಲಿಲ್ಲ. ಎದೆ ನೋವು ಬಂದಾಗ ಆಂಬುಲೆನ್ಸ್ ಖಾಲಿ ಇರಲಿಲ್ಲ, ಅಷ್ಟೇ.

ಭದ್ರಾವತಿ ಸಿಸ್ಟರ್:
ಹೆಚ್ಚುವರಿ ಸಾವು ಅನ್ನುವ ಲೆಕ್ಕದಲ್ಲಿ ನಿಮ್ಮ ಅಪ್ಪನೂ ಇದ್ದಾರಮ್ಮ. ಕೊರೊನಾದಿಂದ ಸತ್ತವರು ಮಾತ್ರ ಅಲ್ಲ, ಆ ಕಾಲ ಇಲ್ಲದಿದ್ದರೆ ಉಳಿಯುತ್ತಿದ್ದವರೂ ಅದರಲ್ಲಿ ಸೇರುತ್ತಾರೆ. ಅದಕ್ಕೇ ನಾನು ಮೊದಲಿನಿಂದ ಆ ಲೆಕ್ಕವನ್ನೇ ಹಿಡಿದು ಮಾತಾಡಿದ್ದು.

ಸಾಗರದ ಮೇಷ್ಟ್ರು:
🙏

ತುಂಗಾ ತೀರ:
ಅಮ್ಮನಿಗೆ ಇದನ್ನು ಓದಿ ಹೇಳಿದೆ. "ಹಾಗಾದರೆ ಬರೆದಿಟ್ಟಿದ್ದಾರಾ ಅವರನ್ನೂ" ಅಂತ ಕೇಳಿದರು.

ಶರಾವತಿ ಹಿನ್ನೀರು:
ಅಕ್ಕ, ನಡುವೆ ಬಾಯಿ ಹಾಕುತ್ತೇನೆ, ತಪ್ಪು ತಿಳಿಯಬೇಡಿ. ಮಂಗನ ಕಾಯಿಲೆ ಶುರುವಾಗುವ ಸಮಯ ಇದು. ನಿಮ್ಮ ಮನೆಯವರು ದರಗು (ಒಣಗಿದ ಎಲೆ) ತರಲು ಸೊಪ್ಪಿನ ಬೆಟ್ಟಕ್ಕೆ ಹೋಗುತ್ತಾರಾ? ಹಳೆ ಲಸಿಕೆ ಈಗ ಕೊಡುತ್ತಿಲ್ಲ. ಹೋಗುವ ಮೊದಲು ಕೈಕಾಲಿಗೆ ಉಣುಗು ತಡೆಯುವ ಡೆಪಾ ಎಣ್ಣೆ ಹಚ್ಚಬೇಕು. ಬಂದ ಮೇಲೆ ಬಿಸಿನೀರಲ್ಲಿ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಎಲ್ಲಾದರೂ ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ತಕ್ಷಣ ನಿಮ್ಮ ಆಶಾಗೆ ಹೇಳಿ.

ತುಂಗಾ ತೀರ:
ಅಯ್ಯೋ, ನೆನಪು ಮಾಡಿದ್ದು ಒಳ್ಳೆಯದಾಯಿತು. ಕೊಟ್ಟಿಗೆಗೆ ದರಗು ಹಾಸಲು ಅಮ್ಮ ವಾರಕ್ಕೆರಡು ಸಲ ಹೋಗುತ್ತಾರೆ. ತಮ್ಮನೂ ಈ ಸಲ ಜೊತೆಗೆ ಹೋಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಎಣ್ಣೆ ಬಾಟಲಿ ಆರೋಗ್ಯ ಕೇಂದ್ರದಲ್ಲಿ ಬಂದಿದೆಯಾ?

ಶರಾವತಿ ಹಿನ್ನೀರು:
ನಮ್ಮ ಕಡೆ ಬಂದಿದೆ. ನಿಮ್ಮ ಕಡೆಯೂ ಬಂದಿರಬೇಕು. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ ಕೇಳಿ. ಇಬ್ಬರಿಗೂ ಬೇರೆ ಬೇರೆ ಬಾಟಲಿ ತೆಗೆದುಕೊಳ್ಳಿ.